ಅಭಿಮಾನಿಗಳು ಕಾಯ್ದಿಟ್ಟ ಕಥೆಗಳು

2008ರ ಸುಮಾರಿಗೆ ಜರ್ಮನಿಯ ಒಂದು ಸಂಜೆ ಧಾರಾವಾಹಿಯನ್ನು ಬೆಂಗಳೂರಿನಲ್ಲಿ ಕೂತು ನೋಡಬೇಕೆಂದರೆ ಮೂರು ನಾಲ್ಕು ದೇಶಗಳ ಜನ ಸೇರಿ ದುಡಿಯಬೇಕಿತ್ತು. ಧಾರಾವಾಹಿಯ ಹೆಸರು ‘ಫರ್ಬೋಟೆನೆ ಲೀಬೆ’. ಅಲ್ಲಿನ ಸಾರ್ವಜನಿಕ ವಾಹಿನಿ ಎಆರ್‌ಡಿಯಲ್ಲಿ ಬರುತ್ತಿತ್ತು. ಅದರಲ್ಲಿ ಬಾಕ್ಸಿಂಗ್ ಮಾಡುವ ಕ್ರಿಸ್ಟಿಯಾನ್ ಎಂಬ ಹುಡುಗನಿಗೂ ಆಲಿವರ್ ಎಂಬ ಹುಡುಗನಿಗೂ ಪ್ರೀತಿ. ಜರ್ಮನಿಯ ಅಭಿಮಾನಿಯೊಬ್ಬರು ಆ ಜೋಡಿಯ ದೃಶ್ಯಗಳನ್ನಷ್ಟೇ ಕತ್ತರಿಸಿ ತೆಗೆಯುತ್ತಿದ್ದರು. ಇನ್ನೊಬ್ಬರು ಮಾತುಗಳನ್ನು ಇಂಗ್ಲಿಷಿಗೆ ತರುತ್ತಿದ್ದರು. ಜರ್ಮನ್ ಬಾರದ ನನ್ನಂಥವರು ಆ ಮಾತುಗಳಿಗೆ ಸಮಯ ಕೂಡಿಸುತ್ತಿದ್ದೆವು. ಯಾರಿಗೂ ಸಂಬಳವಿಲ್ಲ, ಯಾರೂ ಯಾರ ಮುಖವನ್ನೂ ನೋಡಿದವರಲ್ಲ.

ಮನೆಯಲ್ಲಿದ್ದದ್ದು ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್. ಹಗಲು ಹೊತ್ತು ಲೆಕ್ಕ ಹಾಕಿ ಬಳಸಬೇಕು. ರಾತ್ರಿ ಎರಡರಿಂದ ಬೆಳಿಗ್ಗೆ ಎಂಟರವರೆಗೆ ಎಷ್ಟು ಇಳಿಸಿಕೊಂಡರೂ ಹೆಚ್ಚುವರಿ ಹಣವಿಲ್ಲ. ಆಗ ಯೂಟ್ಯೂಬ್‌ನಲ್ಲಿ ಹತ್ತು ನಿಮಿಷಕ್ಕಿಂತ ಉದ್ದದ ವಿಡಿಯೊ ಹಾಕುವಂತಿರಲಿಲ್ಲವಾದ್ದರಿಂದ ತುಂಡು ತುಂಡಾಗಿ ಬರುತ್ತಿತ್ತು. ರಾತ್ರಿ ಇಳಿಯಲು ಬಿಟ್ಟು ಮಲಗಿ, ಮನೆಯವರು ಏಳುವ ಮೊದಲೇ ಎದ್ದು ಹೆಡ್‌ಫೋನ್ ಹಾಕಿಕೊಂಡು ಕೂರುತ್ತಿದ್ದೆ.

ಸಬ್‌ಟೈಟಲ್ ಕಡತವೆಂದರೆ ನೋಟ್‌ಪ್ಯಾಡ್‌ನಲ್ಲಿ ತೆರೆದುಕೊಳ್ಳುವ ಸಾದಾ ಬರಹ. ಮೊದಲು ಕ್ರಮಸಂಖ್ಯೆ. ಅದರ ಕೆಳಗೆ ಮಾತು ಶುರುವಾಗುವ ಹೊತ್ತು, ಒಂದು ಬಾಣದ ಗುರುತು, ಮುಗಿಯುವ ಹೊತ್ತು. ಸೆಕೆಂಡಿನ ಸಾವಿರದ ಒಂದು ಭಾಗದವರೆಗೂ ಬರೆಯಬೇಕು. ಅದರ ಕೆಳಗೆ ಮಾತು, ಎರಡು ಸಾಲು ಮೀರಬಾರದು. ಬೇಗ ಹಾಕಿದರೆ ಪಾತ್ರ ಬಾಯಿ ಬಿಡುವ ಮೊದಲೇ ಗುಟ್ಟು ಬಯಲಾಗುತ್ತದೆ, ತಡವಾದರೆ ಓದುವುದರೊಳಗೆ ಮುಖದ ಭಾವ ಮಾಯ. ನಮ್ಮಲ್ಲಿ ಯಾರೂ ಬರೆದಿಡದಿದ್ದರೂ ಎಲ್ಲರೂ ಪಾಲಿಸುತ್ತಿದ್ದ ಒಂದು ನಿಯಮವಿತ್ತು. ಇಬ್ಬರೂ ಮಾತು ನಿಲ್ಲಿಸಿ ಒಬ್ಬರನ್ನೊಬ್ಬರು ನೋಡುವ ಕ್ಷಣದಲ್ಲಿ ತೆರೆಯ ಮೇಲೆ ಒಂದಕ್ಷರವೂ ಉಳಿದಿರಕೂಡದು. ಹಿಂದಿನ ಮಾತು ಎಷ್ಟೇ ಉದ್ದವಿರಲಿ, ಕತ್ತರಿಸಿ ಕುಗ್ಗಿಸಿಯಾದರೂ ಆ ಮೌನವನ್ನು ಖಾಲಿ ಇಡುತ್ತಿದ್ದೆವು.

ಇಷ್ಟೆಲ್ಲ ಶ್ರಮ ಏಕೆ ಎಂದರೆ, ನಮ್ಮ ಬದುಕು ಆಗ ಕಾನೂನಿನ ಕಣ್ಣಿನಲ್ಲಿ ಅಪರಾಧವಾಗಿತ್ತು. ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ 377ನೇ ಕಲಮಿನ ಬಗ್ಗೆ ದೆಹಲಿ ಹೈಕೋರ್ಟ್ ನಮ್ಮ ಪರವಾಗಿ ತೀರ್ಪು ಕೊಟ್ಟದ್ದು 2009ರ ಜುಲೈ 2ರಂದು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಬೆಂಗಳೂರಿನಲ್ಲಿ ‘ಗುಡ್ ಆ್ಯಸ್ ಯೂ’ ಎಂಬ ಬಳಗ 1994ರಿಂದಲೂ ಇತ್ತು, 2008ರಲ್ಲಿ ಪ್ರೈಡ್ ಮೆರವಣಿಗೆಯೂ ಹೊರಟಿತು. ಆದರೆ ಅಲ್ಲಿಗೆ ಹೋಗುವ ಧೈರ್ಯ ಎಲ್ಲರಿಗೂ ಇರಲಿಲ್ಲ. ಹೋಗಲಾರದವರಿಗೆ ಈ ಹತ್ತು ನಿಮಿಷದ ತುಂಡುಗಳೇ ಮೊದಲ ಆಸರೆ. ಇಬ್ಬರು ಗಂಡಸರು ಒಟ್ಟಿಗೆ ಬೆಳಗಿನ ತಿಂಡಿ ತಿನ್ನುತ್ತ ಬಿಲ್ ಕಟ್ಟುವ ಬಗ್ಗೆ ಜಗಳವಾಡುವುದನ್ನು ನಾನು ಮೊದಲು ನೋಡಿದ್ದು ಅಲ್ಲೇ. ಮುತ್ತಿಗಿಂತ ಆ ಜಗಳ ನನ್ನನ್ನು ಹೆಚ್ಚು ಅಲುಗಾಡಿಸಿತು. ಹೀಗೂ ಸಂಸಾರ ಮಾಡಬಹುದು ಎಂಬುದು ಅಲ್ಲಿಯವರೆಗೆ ನನ್ನ ಕಲ್ಪನೆಯಲ್ಲೂ ಇರಲಿಲ್ಲ.

2016ರ ಜನವರಿಯಲ್ಲಿ ನೆಟ್‌ಫ್ಲಿಕ್ಸ್ ಭಾರತಕ್ಕೆ ಬಂತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾಯಿತು. ರಾತ್ರಿ ಎರಡು ಗಂಟೆಗೆ ಕಾಯುವುದು ತಪ್ಪಿತು. ಸಬ್‌ಟೈಟಲ್ ಕಂಪನಿಯವರೇ ಕೊಡುತ್ತಾರೆ, ದೃಶ್ಯ ಸ್ವಚ್ಛ, ಕದ್ದು ನೋಡುವ ಮುಜುಗರವಿಲ್ಲ. ವಾಚೌಸ್ಕಿ ಸಹೋದರಿಯರು ಮತ್ತು ಸ್ಟ್ರಾಜಿನ್ಸ್ಕಿ ರೂಪಿಸಿದ ನೆಟ್‌ಫ್ಲಿಕ್ಸ್ ಸರಣಿ ‘ಸೆನ್ಸ್8’ನಲ್ಲಿ ಟ್ರಾನ್ಸ್ ಪಾತ್ರವನ್ನು ಟ್ರಾನ್ಸ್ ನಟಿಯೇ, ಜೇಮಿ ಕ್ಲೇಟನ್, ಮಾಡಿದ್ದರು, ಅದೇ ಕಥೆಯಲ್ಲಿ ಮುಂಬೈಯ ಕಲಾ ಎಂಬ ಹುಡುಗಿಯೂ ಇದ್ದಳು. ನಮ್ಮ ಕೆಲಸ ಮುಗಿಯಿತು, ಇನ್ನು ಆರಾಮಾಗಿ ನೋಡೋಣ ಎಂದುಕೊಂಡವರೇ ಹೆಚ್ಚು.

ಆ ವರ್ಷವೇ ಮಾರ್ಚ್ 3ರಂದು ಅಮೆರಿಕದ ‘ದಿ 100’ ಸರಣಿಯಲ್ಲಿ ಲೆಕ್ಸಾ ಎಂಬ ನಾಯಕಿಯನ್ನು ಕೊಂದರು. ಅವಳೂ ಅವಳ ಪ್ರೇಯಸಿ ಕ್ಲಾರ್ಕ್‌ಳೂ ಒಂದಾದ ಮರುಗಳಿಗೆಯಲ್ಲೇ, ಇನ್ನೊಬ್ಬರಿಗೆ ಗುರಿಯಿಟ್ಟ ಗುಂಡು ತಗುಲಿ ಅವಳ ಸಾವು. ಟೀವಿಯಲ್ಲಿ ಹೆಣ್ಣನ್ನು ಪ್ರೀತಿಸಿದ ಹೆಣ್ಣು ಹೀಗೆ ಸಾಯುವುದು ಅದು ಮೊದಲಲ್ಲ. 2002ರಲ್ಲಿ ‘ಬಫಿ’ಯ ಟಾರಾ ಕೂಡ ಗುರಿತಪ್ಪಿದ ಗುಂಡಿಗೇ ಬಲಿಯಾಗಿದ್ದಳು. ಈ ಸಲ ಅಭಿಮಾನಿಗಳು ಅತ್ತು ಸುಮ್ಮನಾಗಲಿಲ್ಲ. ಆತ್ಮಹತ್ಯೆಯ ಅಂಚಿನಲ್ಲಿರುವ ಕ್ವಿಯರ್ ಮಕ್ಕಳಿಗೆ ನೆರವಾಗುವ ‘ಟ್ರೆವರ್ ಪ್ರಾಜೆಕ್ಟ್’ಗೆ ಹಣ ಕೂಡಿಸತೊಡಗಿದರು, ಮೊತ್ತ ಒಂದು ಲಕ್ಷ ಡಾಲರ್ ದಾಟಿತು. ಸರಣಿಯ ಮುಖ್ಯಸ್ಥ ಜೇಸನ್ ರಾಥೆನ್‌ಬರ್ಗ್ ಬಹಿರಂಗ ಪತ್ರ ಬರೆದು ಕ್ಷಮೆ ಕೇಳಿದರು. ಮರುವರ್ಷ ಲಾಸ್ ವೇಗಸ್‌ನಲ್ಲಿ ಆ ಜೋಡಿಯ ಹೆಸರಿನಲ್ಲೇ ‘ಕ್ಲೆಕ್ಸಾಕಾನ್’ ಎಂಬ ಸಮಾವೇಶ ನಡೆಯಿತು. ನೋಡುವವರು ಕೇಳುವವರಾದದ್ದು ಆಗ.

2017ರ ಜೂನ್ 1ರಂದು ‘ಸೆನ್ಸ್8’ ನಿಂತಿತು. ಅರ್ಧಕ್ಕೇ ನಿಲ್ಲಿಸಬೇಡಿ ಎಂದು ಲೋಕದ ಮೂಲೆಮೂಲೆಯಿಂದ ಒತ್ತಾಯ ಬಂತು. ಅದೇ ತಿಂಗಳ ಕೊನೆಗೆ ಲಾನಾ ವಾಚೌಸ್ಕಿ ಪತ್ರ ಬರೆದು ಕೊನೆಯ ಕಂತೊಂದು ಬರಲಿದೆ ಎಂದರು. 2018ರ ಜೂನ್ 8ರಂದು ಅದು ಬಂತು. ಮೂರು ತಿಂಗಳಿಗೆ, ಸೆಪ್ಟೆಂಬರ್ 6ರಂದು, ಸುಪ್ರೀಂ ಕೋರ್ಟ್ ನಮ್ಮನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. ಆ ವರ್ಷ ಎಲ್ಲವೂ ಕೂಡಿಬಂತು ಅನ್ನಿಸಿತ್ತು.

ಆ ಗೆಲುವು ಮತ್ತೆ ಮತ್ತೆ ಸಿಗಲಿಲ್ಲ. ಆವಾ ಮತ್ತು ಬಿಯಾಟ್ರಿಸ್‌ಳ ಪ್ರೀತಿಯಿದ್ದ ‘ವಾರಿಯರ್ ನನ್’ ಎರಡನೇ ಭಾಗ ಬಂದ ತಿಂಗಳೊಪ್ಪತ್ತಿನಲ್ಲೇ, 2022ರ ಡಿಸೆಂಬರಿನಲ್ಲಿ, ರದ್ದಾಯಿತು. ಅಭಿಮಾನಿಗಳು ಚಂದಾ ಎತ್ತಿ ದೊಡ್ಡ ಫಲಕಗಳನ್ನೇ ಹಾಕಿಸಿದರು. ಸಿನಿಮಾಗಳಾಗಿ ಮರಳಲಿದೆ ಎಂಬ ಘೋಷಣೆ ಮರುವರ್ಷ ಬಂತು. ‘ವಿಲ್ಲೊ’ದ ಪಾಡು ಇನ್ನೂ ಕಷ್ಟದ್ದು. ರಾಜಕುಮಾರಿ ಕಿಟ್ ಮತ್ತು ಅವಳ ಕಾವಲುಗಾತಿ ಜೇಡ್ ಪ್ರೀತಿಸುವ ಈ ಸರಣಿ 2022ರ ನವೆಂಬರ್ ಕೊನೆಗೆ ಡಿಸ್ನಿ ಪ್ಲಸ್‌ನಲ್ಲಿ ಶುರುವಾಯಿತು. 2023ರ ಮೇ ತಿಂಗಳಲ್ಲಿ ಕಂಪನಿ ಖರ್ಚು ಉಳಿಸಲು ಅದನ್ನು ತನ್ನ ವೇದಿಕೆಯಿಂದಲೇ ತೆಗೆಯಿತು. ಹಣ ಕೊಡುತ್ತೇನೆಂದರೂ ನೋಡಲು ಸಿಗದಾಯಿತು. ನಮ್ಮ ಹಳೇ ಹಾರ್ಡ್‌ಡಿಸ್ಕ್‌ಗಳಲ್ಲಿ ಜರ್ಮನ್ ಜೋಡಿ ಇನ್ನೂ ಇದೆ. ಜಗತ್ತಿನ ದೊಡ್ಡ ಕಂಪನಿ ಕೋಟಿ ಕೋಟಿ ಸುರಿದು ಮಾಡಿದ ಕಥೆ ಆರು ತಿಂಗಳು ಬಾಳಲಿಲ್ಲ.

ಇದರ ಹಿಂದಿನ ಲೆಕ್ಕ ಸರಳ. ಹಳೆಯ ಟೀವಿಗೆ ಜಾಹೀರಾತು ಬೇಕು, ಅದಕ್ಕೆ ಪ್ರತಿವಾರ ಕೂತು ನೋಡುವವರು ಬೇಕು. ಗುಂಪು ಚಿಕ್ಕದಾದರೂ ನಿಷ್ಠೆಯಿಂದ ನೋಡಿದರೆ ಸರಣಿ ಬದುಕುತ್ತಿತ್ತು. ಒಟಿಟಿಗೆ ಬೇಕಾದದ್ದು ಹೊಸ ಚಂದಾದಾರರು. ಮೂರನೇ ಭಾಗದ ಹೊತ್ತಿಗೆ ನಟರ ಸಂಭಾವನೆ ಏರಿರುತ್ತದೆ, ಹೊಸದಾಗಿ ಸೇರುವವರು ಕಡಿಮೆ. ಒಂದೇ ಕಥೆಯನ್ನು ಹತ್ತು ಸಲ ನೋಡುವ ಅಭಿಮಾನಿಗೆ ಆ ಲೆಕ್ಕದಲ್ಲಿ ಬೆಲೆ ಸಿಗುವುದು ಕಷ್ಟ. ಅಮೆರಿಕದ ಗ್ಲಾಡ್ ಸಂಸ್ಥೆ ಪ್ರತಿವರ್ಷ ಅಲ್ಲಿನ ಟೀವಿಯ ಕ್ವಿಯರ್ ಪಾತ್ರಗಳನ್ನು ಎಣಿಸುತ್ತದೆ. 2021–22ರಲ್ಲಿ 637 ಇದ್ದವು, 2023–24ಕ್ಕೆ 468. ಮುಂದಿನ ವರ್ಷ 489ಕ್ಕೆ ಏರಿದರೂ, ಅವುಗಳಲ್ಲಿ ಇನ್ನೂರಕ್ಕೂ ಹೆಚ್ಚು ಪಾತ್ರಗಳು ಮರಳಿ ಬರುವುದಿಲ್ಲವೆಂದು ವರದಿಯೇ ಹೇಳಿತು.

ಏಷ್ಯಾದಲ್ಲಿ ಕಥೆ ಬೇರೆ. ಚೀನಾದಲ್ಲಿ ‘ಅಡಿಕ್ಟೆಡ್’ ಎಂಬ ಹುಡುಗರ ಪ್ರೇಮದ ವೆಬ್ ಸರಣಿಯನ್ನು 2016ರ ಫೆಬ್ರವರಿಯಲ್ಲಿ ಕೊನೆಯ ಕಂತುಗಳು ಬಾಕಿಯಿರುವಾಗಲೇ ಅಂತರ್ಜಾಲದಿಂದ ತೆಗೆಸಿದರು. ಥಾಯ್ಲೆಂಡಿನಲ್ಲಿ ಅದೇ ಬಗೆಯ ಕಥೆ ಉದ್ಯಮವಾಗಿ ಬೆಳೆಯಿತು. 2020ರ ಲಾಕ್‌ಡೌನ್‌ನಲ್ಲಿ ‘2ಗೆದರ್’ ಯೂಟ್ಯೂಬ್‌ನಲ್ಲೇ ಊರೂರು ಸುತ್ತಿತು. 2022ರ ಕೊನೆಗೆ ‘ಗ್ಯಾಪ್’ ಇಬ್ಬರು ಹೆಣ್ಣುಗಳ ಪ್ರೇಮಕ್ಕೆ ದಾರಿ ತೆರೆಯಿತು. ಅಲ್ಲಿ ಅಭಿಮಾನಿಗಳ ಹಣದ ಮೇಲೆಯೇ ವ್ಯಾಪಾರ ನಿಂತಿದೆ. ಅದರ ಕಷ್ಟವೂ ಇದೆ: ತೆರೆಯ ಜೋಡಿ ತೆರೆಯಾಚೆಗೂ ಜೋಡಿಯಾಗಿಯೇ ಕಾಣಿಸಿಕೊಳ್ಳಬೇಕೆಂಬ ಒತ್ತಡ ಆ ಎಳೆಯ ನಟರ ಮೇಲೆ ಬೀಳುತ್ತದೆ. ಆದರೂ 2025ರ ಜನವರಿ 23ರಂದು ಅಲ್ಲಿ ಸಲಿಂಗ ಮದುವೆ ಕಾನೂನುಬದ್ಧವಾದಾಗ, ಈ ಧಾರಾವಾಹಿಗಳನ್ನು ಮನೆಮಂದಿಯೆಲ್ಲ ಕೂತು ನೋಡಿದ್ದು ವ್ಯರ್ಥವಾಗಲಿಲ್ಲವೆಂದು ನನಗೆ ಅನ್ನಿಸಿತು.

ನಮ್ಮೂರಲ್ಲೂ ಬೀಜ ಬಿದ್ದಿತ್ತು. 2016ರಲ್ಲಿ, 377 ಇನ್ನೂ ಜೀವಂತವಿರುವಾಗಲೇ, ರೂಪಾ ರಾವ್ ‘ದಿ ಅದರ್ ಲವ್ ಸ್ಟೋರಿ’ ಎಂಬ ವೆಬ್ ಸರಣಿ ಮಾಡಿದರು. ತೊಂಬತ್ತರ ದಶಕದ ಬೆಂಗಳೂರು, ಆದ್ಯಾ ಮತ್ತು ಆಚಲ್ ಎಂಬ ಇಬ್ಬರು ಹುಡುಗಿಯರು, ಮನೆಯ ಲ್ಯಾಂಡ್‌ಲೈನ್ ಫೋನು. ಅದರ ಕಂತುಗಳು ಯೂಟ್ಯೂಬ್‌ನಲ್ಲಿ ಬಂದವು. ಫೋನು ರಿಂಗಾದರೆ ಮೊದಲು ಯಾರು ಎತ್ತುತ್ತಾರೋ ಎಂಬ ಆತಂಕವನ್ನು ಬೇರೆ ದೇಶದವರು ಹಾಗೆ ತೋರಿಸಲಾರರು. 2023ರಲ್ಲಿ ‘ಮೇಡ್ ಇನ್ ಹೆವನ್’ನ ಎರಡನೇ ಭಾಗದಲ್ಲಿ, ಮಣಿಪಾಲದಲ್ಲಿ ವೈದ್ಯಕೀಯ ಓದಿದ ತ್ರಿನೇತ್ರಾ ಹಲ್ದಾರ್ ಗುಮ್ಮರಾಜು ಟ್ರಾನ್ಸ್ ಹೆಣ್ಣಿನ ಪಾತ್ರ ಮಾಡಿದರು. ಸಂಜೆಯ ಕನ್ನಡ ಧಾರಾವಾಹಿಯಲ್ಲಿ ಇಂಥ ಜೋಡಿಯೊಂದು ನಾಯಕ ಸ್ಥಾನದಲ್ಲಿ ನಿಲ್ಲುವುದನ್ನು ನಾನಿನ್ನೂ ಕಂಡಿಲ್ಲ.

ಇಷ್ಟು ವರ್ಷ ನೋಡಿದ ಮೇಲೆ ನನಗೆ ಮನವರಿಕೆಯಾದದ್ದು ಒಂದೇ. ಕಂಪನಿ ಕೊಟ್ಟ ಕಥೆಯನ್ನು ಕಂಪನಿ ಹಿಂದಕ್ಕೂ ತೆಗೆದುಕೊಳ್ಳುತ್ತದೆ; ಅಭಿಮಾನಿಗಳು ಕೈಯಾರೆ ಮಾಡಿದ್ದು ಉಳಿಯುತ್ತದೆ. ಅಭಿಮಾನಿಗಳು ಬರೆದ ಕಥೆಗಳನ್ನು ಕೂಡಿಡುವ, ಸ್ವಯಂಸೇವಕರೇ ನಡೆಸುವ ಜಾಲತಾಣ ‘ಆರ್ಕೈವ್ ಆಫ್ ಅವರ್ ಓನ್’ 2009ರಲ್ಲಿ ಬಾಗಿಲು ತೆರೆಯಿತು. ಜಾಹೀರಾತಿಲ್ಲದೆ, ಓದುಗರ ದೇಣಿಗೆಯಲ್ಲೇ ನಡೆಯುತ್ತ 2019ರಲ್ಲಿ ಹ್ಯೂಗೊ ಪ್ರಶಸ್ತಿ ಪಡೆಯಿತು. ರದ್ದಾದ ಸರಣಿಗಳ ಪಾತ್ರಗಳು ಅಲ್ಲಿ ಇಂದಿಗೂ ಮುದುಕರಾಗುತ್ತ, ಮಕ್ಕಳನ್ನು ಸಾಕುತ್ತ ಬಾಳುತ್ತಿವೆ.

ಹಾಗಾಗಿ ನಮ್ಮ ಹಳೇ ಕಸುಬನ್ನು ನಾವು ಬಿಡಬಾರದಿತ್ತು, ಈಗಲಾದರೂ ಮತ್ತೆ ಹಿಡಿಯಬೇಕು. ಚಿಕ್ಕ ಬಜೆಟ್ಟಿನಲ್ಲಿ ಕಿರುಚಿತ್ರ ಮಾಡುವ ಕ್ವಿಯರ್ ಹುಡುಗ ಹುಡುಗಿಯರು ಕನ್ನಡದಲ್ಲೇ ಇದ್ದಾರೆ. ಅವರ ಒಪ್ಪಿಗೆ ಪಡೆದು ಸಬ್‌ಟೈಟಲ್ ಬರೆದುಕೊಡೋಣ. ಹೊರದೇಶದ ಕಥೆಗಳಿಗೆ ಕನ್ನಡದ ಮಾತು ಕೂಡಿಸೋಣ. ಹಾಸನದಲ್ಲೋ ಯಾದಗಿರಿಯಲ್ಲೋ ಇಂಗ್ಲಿಷ್ ಸರಾಗವಾಗಿ ಬಾರದ ಒಬ್ಬ ಹುಡುಗಿ ಅದನ್ನು ಅಮ್ಮನ ಪಕ್ಕ ಕೂತು ನೋಡುವಂತಾಗಬೇಕು. ಸರಣಿ ರದ್ದಾದ ಮೇಲೆ ಚಂದಾ ಎತ್ತುವ ಬದಲು, ಅದು ತಯಾರಾಗುವ ಮೊದಲೇ ಆ ಹಣವನ್ನು ಮಾಡುವವರ ಕೈಗೆ ಕೊಡೋಣ. ಎರಡು ಸಾಲಿನೊಳಗೆ ಮಾತು ಕೂರಿಸುವ ವಿದ್ಯೆ ನನಗಿನ್ನೂ ಮರೆತಿಲ್ಲ, ಕಲಿಯಬೇಕೆನ್ನುವವರಿಗೆ ಕಲಿಸಲು ನಾನು ತಯಾರಿದ್ದೇನೆ.