ಮಂಜುಗಡ್ಡೆಯ ಮೇಲೆ ಅರಳಿದ ನಾಡಪ್ರೀತಿ

ಒಂದು ಆಟದ ಗೆಲುವಿಗಾಗಿ ಶಾಸನಸಭೆ ನಡುರಾತ್ರಿಯ ವೇಳೆಗೆ ಸೇರುವುದು ಉಚಿತವೇ? ಅರವತ್ತು ದಾಟಿದ, ಆಟೋಟಗಳ ಗೀಳಿಲ್ಲದ ನನ್ನನ್ನು ಈ ಪ್ರಶ್ನೆ ಬಹುಕಾಲ ಕಾಡಿದೆ. 2023ರ ಮೇ 28ರಂದು ಬಾಲ್ಟಿಕ್ ಸಮುದ್ರತೀರದ ಲಾಟ್ವಿಯ ದೇಶವು ವಿಶ್ವ ಐಸ್ ಹಾಕಿ ಸ್ಪರ್ಧೆಯಲ್ಲಿ ಅಮೆರಿಕವನ್ನು 4-3ರಿಂದ ಸೋಲಿಸಿ, ತನ್ನ ಮೊತ್ತಮೊದಲ ಪದಕವಾದ ಕಂಚನ್ನು ಪಡೆಯಿತು. ಅಂದು ರಾತ್ರಿಯೇ ಅಲ್ಲಿನ ಸಂಸತ್ತು ಕೂಡಿ, ಮರುದಿನವನ್ನು ರಜಾದಿನವೆಂದು ಘೋಷಿಸಿತು.

ಆ ನಾಡಿನ ಜನಸಂಖ್ಯೆ 19 ಲಕ್ಷವನ್ನೂ ಮುಟ್ಟದು. ಎರಡನೆಯ ಮಹಾಯುದ್ಧದ ಬಳಿಕ ದಶಕಗಳ ಕಾಲ ಅದು ಸೋವಿಯತ್ ಒಕ್ಕೂಟದ ಆಳ್ವಿಕೆಯಲ್ಲಿತ್ತು. ಹೆಲ್ಮುಟ್ಸ್ ಬಾಲ್ಡೆರಿಸ್‌ನಂತಹ ರೀಗಾ ನಗರದ ಕುಶಲ ಆಟಗಾರನೂ ಸೋವಿಯತ್ ಅಂಗಿ ತೊಟ್ಟೇ ಜಗತ್ತಿನೆದುರು ನಿಲ್ಲಬೇಕಾಗಿತ್ತು. 1991ರಲ್ಲಿ ಸ್ವಾತಂತ್ರ್ಯ ಮರಳಿತು. 2000ದಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ, ರಷ್ಯದ ನೆಲದಲ್ಲಿಯೇ, ಲಾಟ್ವಿಯ ರಷ್ಯವನ್ನು 3-2ರಿಂದ ಮಣಿಸಿತು. ಹೆಸರನ್ನೇ ಕಳೆದುಕೊಂಡಿದ್ದ ಜನರಿಗೆ ಹೆಸರು ಮರಳಿ ದೊರೆತಾಗ ಆಗುವ ಹಿಗ್ಗನ್ನು ಅಂಕಿಗಳಿಂದ ಅಳೆಯಲಾಗದು.

ಸುಮಾರು 56 ಲಕ್ಷ ಜನರಿರುವ ಫಿನ್ಲೆಂಡಿನ ಕಥೆಯೂ ಮನನೀಯವಾದುದು. ಅಲ್ಲಿ ಚಳಿಗಾಲ ದೀರ್ಘ; ಕೆರೆಗಳು ಹೆಪ್ಪುಗಟ್ಟುತ್ತವೆ. ಊರಾಡಳಿತಗಳು ಶಾಲೆಯ ಬಯಲಿಗೆ ನೀರು ಹಾಯಿಸಿ ಗಡ್ಡೆಗಟ್ಟಿಸಿ, ಮಕ್ಕಳಿಗೆ ಆಟದ ಕಣವನ್ನು ಒದಗಿಸುತ್ತವೆ. 1965ರಲ್ಲಿ ಟಾಂಪೆರೆ ನಗರದಲ್ಲಿ ಆ ದೇಶದ ಮೊದಲ ಒಳಾಂಗಣ ಮಂಜುಕಣ ತೆರೆಯಿತು. 1995ರಲ್ಲಿ ಸ್ಟಾಕ್‌ಹೋಮಿನಲ್ಲಿ, 1809ರವರೆಗೆ ತಮ್ಮನ್ನು ಆಳಿದ್ದ ಸ್ವೀಡನ್ನನ್ನು 4-1ರಿಂದ ಸೋಲಿಸಿ ಫಿನ್ನರು ಮೊದಲ ಬಾರಿ ವಿಶ್ವವಿಜೇತರಾದರು. ಆ ತಂಡದ ತರಬೇತುದಾರ ಕುರ್ಟ್ ಲಿಂಡ್‌ಸ್ಟ್ರೋಮ್ ಸ್ವೀಡನ್ನಿನವನೇ! ವಿದ್ಯೆ ಎಲ್ಲಿಂದ ಬಂದರೂ ಸ್ವೀಕರಿಸುವ ಹಿರಿದಾದ ಮನಸ್ಸು ಇಲ್ಲಿ ಕಾಣುತ್ತದೆ. 2022ರಲ್ಲಿ ಬೀಜಿಂಗಿನ ಒಲಿಂಪಿಕ್ ಚಿನ್ನವೂ ವಿಶ್ವಪ್ರಶಸ್ತಿಯೂ ಫಿನ್ಲೆಂಡಿಗೇ ಸಂದವು.

ಈ ಆಟದ ಒಂದು ನಿಯತಿ ನನಗೆ ಬಹಳ ಹಿಡಿಸಿದೆ. ಅಲಗಿನ ಬೂಟು ತೊಟ್ಟು, ರಬ್ಬರಿನ ಬಿಲ್ಲೆಯ ಬೆನ್ನಟ್ಟುವ ಆಟಗಾರನು ಒಂದು ನಿಮಿಷದೊಳಗೇ ದಣಿಯುತ್ತಾನೆ. ಆಗ ಅವನು ಮತ್ತೊಬ್ಬನಿಗೆ ಎಡೆಗೊಟ್ಟು ಬೆಂಚಿಗೆ ಮರಳುತ್ತಾನೆ. ದಣಿವಾರಿದ ಮೇಲೆ ಮತ್ತೆ ಇಳಿಯುತ್ತಾನೆ. ಎಂತಹ ಶೂರನೂ ಕಣವನ್ನು ತಾನೊಬ್ಬನೇ ಆಕ್ರಮಿಸಿ ನಿಲ್ಲಲಾರ. ಸಕಾಲದಲ್ಲಿ ಸ್ಥಾನ ಬಿಟ್ಟುಕೊಡುವುದೂ ಸೇವೆಯೇ ಎಂಬುದನ್ನು ಹಿರಿಯರಾದ ನಾವು ಇದರಿಂದ ಅರಿಯಬಹುದು.

ಆದರೆ ಆತಂಕಗಳೂ ಇಲ್ಲದಿಲ್ಲ. ಬೂಟು, ಶಿರಸ್ತ್ರಾಣ, ಕಣದ ಬಾಡಿಗೆ ಇವೆಲ್ಲವೂ ದುಬಾರಿ. ಬಡವರ ಮಕ್ಕಳು ಹೊರಗುಳಿಯುವ ಭಯವಿದೆ. ಭೂಮಿಯ ತಾಪ ಏರುತ್ತಿರುವುದರಿಂದ ಬಯಲ ಮಂಜುಗಡ್ಡೆಯ ದಿನಗಳೂ ಕುಗ್ಗುತ್ತಿವೆ. ಎಲ್ಲರದಾಗಿದ್ದ ಬಯಲು ಕೇವಲ ಉಳ್ಳವರ ಚಾವಣಿಯ ಕೆಳಗೆ ಸೇರಿಬಿಟ್ಟರೆ, ಪದಕಗಳು ಬಂದರೂ ನಾಡಿನ ಆಟವೆಂಬ ಹೆಸರು ಉಳಿಯದು.

ಇದನ್ನೆಲ್ಲ ವಿಚಾರಿಸಿದಾಗ, ಆ ರಾತ್ರಿಯ ಸಭೆ ಉಚಿತವೇ ಆಗಿತ್ತೆಂದು ನನಗೆ ತೋರುತ್ತದೆ. ಜನರೆಲ್ಲ ಕೂಡಿ ಸಲಹಿದ ಆಟದ ಸಂತೋಷವು ಜನರೆಲ್ಲರಿಗೂ ಸಲ್ಲಬೇಕಾದುದು ನ್ಯಾಯವಷ್ಟೆ.