ಮೀನಿನ ತೊಟ್ಟಿಯ ನೀರು

ನಿವೃತ್ತನಾದವನಿಗೆ ಮನೆಯವರು ಏನಾದರೊಂದು ಕೆಲಸ ಹಚ್ಚುತ್ತಾರೆ. ನನ್ನ ಪಾಲಿಗೆ ಬಂದದ್ದು ಮೀನು. ಮೊಮ್ಮಗಳು ಹುಟ್ಟುಹಬ್ಬಕ್ಕೆಂದು 40 ಲೀಟರಿನ ಗಾಜಿನ ತೊಟ್ಟಿಯನ್ನೂ ಎರಡು ಗೋಲ್ಡ್‌ಫಿಶ್‌ಗಳನ್ನೂ ತರಿಸಿಕೊಂಡು, ಒಂದು ವಾರ ಮುದ್ದಾಡಿ, ಆಮೇಲೆ "ತಾತ, ನೀನೇ ನೋಡಿಕೋ" ಎಂದು ಅಧಿಕಾರ ವಹಿಸಿಕೊಟ್ಟಳು. ವೈಟ್‌ಫೀಲ್ಡಿನ ನಮ್ಮ ವಠಾರದಲ್ಲಿ (ಈಗ ಇದಕ್ಕೆ ಅಪಾರ್ಟ್‌ಮೆಂಟ್ ಎನ್ನುತ್ತಾರೆ) ನನಗಿಂತ ಬಿಡುವಾಗಿದ್ದವರೆಂದರೆ ಆ ಮೀನುಗಳೇ.

ಎರಡು ತಿಂಗಳಲ್ಲಿ ಗಾಜಿಗೆ ಹಸಿರು ಪಾಚಿ ಕಟ್ಟಿತು, ಮೀನುಗಳು ಮಂಕಾದವು. ಅಂಗಡಿಯವನು "ನೈಟ್ರೇಟ್ ಜಾಸ್ತಿಯಾಗಿದೆ ಸಾರ್" ಎಂದು ರೋಗದ ಹೆಸರು ಹೇಳಿ, ಪರೀಕ್ಷೆಯ ಕಿಟ್ಟೊಂದನ್ನು ಮಾರಿದ. ವಿಷಯ ಇಷ್ಟೆ: ಮೀನಿನ ಕಶ್ಮಲದಿಂದಲೂ ಮಿಕ್ಕ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲ ಎರಡೂ ಮೀನಿಗೆ ವಿಷ. ಮೂರನೆಯದು ಅಷ್ಟು ಕ್ರೂರಿಯಲ್ಲ. ಆದರೆ ಬಂದ ನೆಂಟ ತಾನಾಗಿ ಹೊರಡುವುದಿಲ್ಲ. ಗಿಡ ಬೆಳೆಸಬೇಕು, ಇಲ್ಲವೆ ನೀರು ಬದಲಿಸಬೇಕು.

ಬದಲಿಸಿದೆ. ವಾರಕ್ಕೊಮ್ಮೆ ಕಾಲು ಭಾಗ, ಆಮೇಲೆ ಅರ್ಧ. ಮೀನುಗಳ ಎರಡು ಹೊತ್ತಿನ ಊಟವನ್ನು ಒಂದಕ್ಕಿಳಿಸಿದೆ. ಆದರೂ ಪ್ರತಿ ಭಾನುವಾರ ಕಿಟ್ಟಿನ ನಳಿಕೆಯಲ್ಲಿ ನೀರು ಕೆಂಪಾಗಿಯೇ ನಿಲ್ಲುತ್ತಿತ್ತು. ಪಟ್ಟಿಯಲ್ಲಿ ಆ ಬಣ್ಣದ ಪಕ್ಕ 80 ಎಂದಿತ್ತು. ಕೊನೆಗೊಂದು ದಿನ ನನ್ನಾಕೆ, "ಸುರಿಯೋ ನೀರನ್ನ ಯಾವತ್ತಾದರೂ ನೋಡಿದ್ದೀರಾ?" ಎಂದಳು. ನಲ್ಲಿಯ ನೀರನ್ನು ಪರೀಕ್ಷಿಸಿದೆ. ಹೆಚ್ಚು ಕಡಮೆ ಅದೇ ಕೆಂಪು! ಇಷ್ಟು ದಿನ ನಾನು ಸಾಲ ಮಾಡಿ ಸಾಲ ತೀರಿಸುತ್ತಿದ್ದೆ.

ನಮ್ಮ ಸಂಪಿಗೆ ಬರುವುದು ಕೊಳವೆ ಬಾವಿಯ ನೀರು. ಸಾಲದಿದ್ದಾಗ ಟ್ಯಾಂಕರಿನದು, ಅದೂ ಇನ್ನೊಂದು ಕೊಳವೆ ಬಾವಿಯದೇ. ಒಳಚರಂಡಿಯಿಲ್ಲದ ಕಡೆ ಗುಂಡಿಗಳಿಂದ, ಕೊಳೆ ಹರಿಯುವ ಕಾಲುವೆಗಳಿಂದ ನೆಲಕ್ಕೆ ಇಂಗಿದ್ದು, ಮೀನಿನ ತೊಟ್ಟಿಯಲ್ಲಿ ತಾಳುವ ರೂಪವನ್ನೇ ಅಲ್ಲಿಯೂ ತಾಳಿ, ನೈಟ್ರೇಟಾಗಿ ಬಾವಿ ಸೇರುತ್ತದೆ. 2015ರಲ್ಲಿ ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿದಾಗ ಮೂಗು ಮುಚ್ಚಿಕೊಂಡು ಓಡಿದವನು ನಾನು. ನೊರೆಯಾದರೂ ಕಣ್ಣಿಗೆ ಕಾಣುತ್ತದೆ. ನೀರಿನಲ್ಲಿ ಕರಗಿದ ನೈಟ್ರೇಟಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ನಮಗೇನು ಭಯ? ಅಡುಗೆಮನೆಯಲ್ಲಿ ಆರ್‌ಓ ಯಂತ್ರವಿದೆ. ನೈಟ್ರೇಟಿನ ಬಹುಪಾಲನ್ನು ಅದು ತಡೆಯುತ್ತದೆ. ಆ ನೀರನ್ನೇ ಅರ್ಧಕ್ಕರ್ಧ ಬೆರೆಸಿ ಮೀನುಗಳಿಗೂ ಕೊಡತೊಡಗಿದೆ. ಮನಿಪ್ಲಾಂಟಿನ ಬೇರನ್ನು ತೊಟ್ಟಿಗೆ ಇಳಿಬಿಟ್ಟೆ. ಒಂದೂವರೆ ತಿಂಗಳಲ್ಲಿ ಕೆಂಪು ಕಿತ್ತಳೆಯಾಯಿತು. ಗೆದ್ದ ಉತ್ಸಾಹದಲ್ಲಿ ಹಳೆಯ ನೀರಿನ ಬಕೆಟ್ ಹಿಡಿದು, ಗೇಟಿನ ಬಳಿಯ ದಾಸವಾಳಕ್ಕೆ ಸುರಿಯಲು ಹೋದೆ.

ಅಲ್ಲಿ ವಾಚ್‌ಮನ್ನನ ಹೆಂಡತಿ, ಯಾದಗಿರಿ ಕಡೆಯವಳು, ಅಂಗಳದ ನಲ್ಲಿಯಲ್ಲಿ ಕೊಡ ತುಂಬಿಸುತ್ತಿದ್ದಳು. ಸೊಂಟದಲ್ಲಿ ನಾಲ್ಕು ತಿಂಗಳ ಕೂಸು. ಎದೆಹಾಲು ಸಾಲದೆ ಹಾಲಿನ ಪುಡಿ ಕಲಸಿ ಕುಡಿಸುತ್ತಿದ್ದಾಳೆಂದು ನನ್ನಾಕೆ ಹೇಳಿದ್ದು ನೆನಪಾಯಿತು.

"ಮಗೂಗೂ ಇದೇ ನೀರೇನಮ್ಮ?"

"ಹೂನ್ರಿ ಸಾಹೇಬ್ರ. ಚೊಲೋತ್ನಂಗ ಕುದಿಸಿ, ಆರಿಸೇ ಕಲಸ್ತೀನ್ರಿ."

ಕುದಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಆರು ತಿಂಗಳೊಳಗಿನ ಎಳೆಗೂಸಿನ ಒಡಲಲ್ಲಿ ಅದು ನೈಟ್ರೈಟಾಗಿ, ಆಮ್ಲಜನಕ ಹೊರುವ ಶಕ್ತಿಯನ್ನು ರಕ್ತದಿಂದ ಕಸಿದರೆ ಮೈ ನೀಲಿಗಟ್ಟುತ್ತದೆ. ಇದೆಲ್ಲ ನಾನು ಮೀನಿಗಾಗಿ ಓದುವಾಗ ಕಣ್ಣಿಗೆ ಬಿದ್ದಿತ್ತು. ಓದಿ ಪುಟ ತಿರುಗಿಸಿದ್ದೆ. ಬಕೆಟ್ ಹಿಡಿದು ಸುಮ್ಮನೆ ನಿಂತೆ. ಎರಡು ಮೀನುಗಳಿಗೆ ಒಂದೂವರೆ ತಿಂಗಳು ಶುದ್ಧಜಲ ಹೊತ್ತವನು, ಗೇಟಿನತ್ತ ಒಂದು ದಿನವೂ ತಿರುಗಿ ನೋಡಿರಲಿಲ್ಲ.

ಅವಳನ್ನು ಹೆದರಿಸಲು ಮನಸ್ಸಾಗಲಿಲ್ಲ. "ಇನ್ನು ಮೇಲೆ ಕೂಸಿಗೆ ನಮ್ಮ ಮನೆ ನೀರೇ ಹಾಕಮ್ಮ" ಎಂದು ಅಂದಿನಿಂದಲೇ ಕ್ಯಾನು ಇಳಿಸತೊಡಗಿದೆ. ನಿವಾಸಿಗಳ ಸಂಘದ ಸಭೆಯಲ್ಲಿ ವಿಷಯವೆತ್ತಿದಾಗ ಒಬ್ಬರು, "ಎಲ್ಲರ ಮನೇಲೂ ಫಿಲ್ಟರ್ ಇದೆಯಲ್ಲ ಸಾರ್?" ಎಂದರು. ಕೆಟ್ಟವರಲ್ಲ, ಹಿಂದಿನ ತಿಂಗಳಾಗಿದ್ದರೆ ನಾನೂ ಹಾಗೆಯೇ ಕೇಳುತ್ತಿದ್ದೆ. ಮೂರನೆಯ ಸಭೆಯಲ್ಲಿ ಗೇಟಿನ ಬಳಿಯೊಂದು ಫಿಲ್ಟರ್ ಇಡುವುದೆಂದು ತೀರ್ಮಾನವಾಯಿತು. ಅದು ಬರುವ ತನಕ ಕ್ಯಾನಿನ ಕೆಲಸ ನನ್ನದೇ.

ತೊಟ್ಟಿಯ ನೀರುಂಡ ದಾಸವಾಳ ಹುಲುಸಾಗಿದೆ. ಗಿಡಕ್ಕೆ ನೈಟ್ರೇಟು ಗೊಬ್ಬರವಷ್ಟೆ. ಕೂಸಿಗೀಗ ಏಳು ತಿಂಗಳು. ತಾಯಿಯ ಸೊಂಟವೇರಿ ಮೀನು ನೋಡಲು ಬಂದು, ಅಂಗೈಯಿಂದ ಗಾಜನ್ನು ತಟ್ಟುತ್ತದೆ. "ತಟ್ಟಬೇಡ, ಮೀನು ಹೆದರ್ಕೊಳತ್ತೆ" ಎಂದು ಮೊಮ್ಮಗಳು ಗದರುತ್ತಾಳೆ.