ಬಿಸಿನೀರಿನ ಕೋಣೆ

ಟೋಕಿಯೋ ನಗರದ ಮಾರುನೌಚಿ ಎಂಬಲ್ಲಿ, ಕೆಂಪಿಟ್ಟಿಗೆಯ ರೈಲು ನಿಲ್ದಾಣಕ್ಕೂ ಚಕ್ರವರ್ತಿಗಳ ಅರಮನೆಯ ಕಂದಕಕ್ಕೂ ನಡುವೆ, ಕಚೇರಿಗಳದೇ ರಾಜ್ಯ. 1914ರಲ್ಲಿ ತೆರೆದ ಆ ನಿಲ್ದಾಣದ ಗುಮ್ಮಟಗಳು 1945ರ ಬಾಂಬುದಾಳಿಯಲ್ಲಿ ನಾಶವಾಗಿ, ಮತ್ತೆ ತಲೆಯೆತ್ತಿದ್ದು 2012ರಲ್ಲಿ. ಭಾಷಾಂತರದ ಕೆಲಸ ಹಿಡಿದು ನಾನು ಭಾರತದಿಂದ ಅಲ್ಲಿಗೆ ಹೋದದ್ದು 1996ರಲ್ಲಿ. ಬೆಳಗಿನ ಎಂಟೂವರೆಗೆ ನಿಲ್ದಾಣದಿಂದ ಕಪ್ಪು ಕೋಟುಗಳ ಹೊಳೆಯೇ ಹರಿಯುತ್ತಿತ್ತು. ಅಷ್ಟು ಜನ, ಆದರೂ ಕೇಳಿಸುತ್ತಿದ್ದುದು ಬೂಟುಗಳ ಸದ್ದು ಮಾತ್ರ!

ಕಚೇರಿಯಲ್ಲಿ ಮೇಜುಗಳು ನಮ್ಮ ಮದುವೆಯೂಟದ ಪಂಕ್ತಿಯಂತೆ ಎದುರುಬದುರಾಗಿ ಸಾಲುಗೊಂಡಿದ್ದವು. ತುದಿಯಲ್ಲಿ, ಎಲ್ಲರೂ ಕಣ್ಣಿಗೆ ಬೀಳುವಂತೆ, ವಿಭಾಗದ ಮುಖ್ಯಸ್ಥರು. ಪ್ರತಿಯೊಂದು ಪ್ರಸ್ತಾಪವೂ 'ರಿಂಗಿ' ಪದ್ಧತಿಯಂತೆ ಮೇಜಿನಿಂದ ಮೇಜಿಗೆ ತಿರುಗಿ, ಒಬ್ಬೊಬ್ಬರ ಕೆಂಪು ಮೊಹರನ್ನೂ ಹೊತ್ತು ಮೇಲೇರಬೇಕು. ಅದಕ್ಕೆ ಬೇಗನೆ ಒಗ್ಗಿಕೊಂಡೆ.

ಒಗ್ಗದೆ ಉಳಿದುದು ಚಹಾ. ಸಮವಸ್ತ್ರ ತೊಟ್ಟ ಹೆಂಗಸರು ಗಂಡಸರಿಗಿಂತ ಮುಂಚೆ ಬಂದು ಮೇಜುಗಳನ್ನು ಒರೆಸುವರು. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಮೂರಕ್ಕೊಮ್ಮೆ ಹಸಿರು ಚಹಾ ಹಂಚುವರು. ಯಾರ ಬಟ್ಟಲು ಯಾವುದು, ಯಾರಿಗೆ ಮೊದಲು, ಎಲ್ಲವೂ ಕಂಠಪಾಠ. ಈ ಸೇವೆಗೆ 'ಓಚಾಕುಮಿ' ಎಂಬ ಹೆಸರೇ ಉಂಟು. 1986ರಲ್ಲಿ ಜಾರಿಗೆ ಬಂದ ಸಮಾನ ಉದ್ಯೋಗಾವಕಾಶದ ಕಾಯಿದೆಯು, ನೇಮಕ ಬಡ್ತಿಗಳಲ್ಲಿ ಹೆಂಗಸರನ್ನು ಸಮನಾಗಿ ಕಾಣಲು 'ಪ್ರಯತ್ನಿಸಿರಿ' ಎಂದು ಮಾಲಿಕರಿಗೆ ಹೇಳಿತ್ತೇ ಹೊರತು, ಭೇದ ಮಾಡಕೂಡದೆಂದು ಕಟ್ಟಳೆ ಮಾಡಿರಲಿಲ್ಲ. ಆ ಕಟ್ಟಳೆಗೆ 1999ರವರೆಗೆ ಕಾಯಬೇಕಾಯಿತು. ಅಷ್ಟರಲ್ಲಿ ಅನೇಕ ದೊಡ್ಡ ಸಂಸ್ಥೆಗಳು ನೌಕರಿಯನ್ನೇ ಎರಡು ಹಾದಿಯಾಗಿ ಸೀಳಿದ್ದವು: ಮೇಲೇರುವವರದೊಂದು, ಇದ್ದಲ್ಲೇ ಇರುವವರದೊಂದು. ಎರಡನೆಯದರಲ್ಲಿ ಯಾರಿದ್ದರೆಂದು ಓದುಗರಿಗೆ ಹೇಳಬೇಕಾಗಿಲ್ಲ.

ನನಗೆ ಚಹಾದ ಸರದಿ ಇರಲಿಲ್ಲ. ನನ್ನ ಮೇಜಿಗೂ ಬಟ್ಟಲು ಬರುತ್ತಿತ್ತು. ಪರದೇಶದವಳಲ್ಲವೆ, ಅತಿಥಿ! ಅತಿಥಿಗೆ ಸಲ್ಲುವ ಮರ್ಯಾದೆ ಹಿತವಾದುದೇ. ಆದರೆ ಅತಿಥಿಯೊಡನೆ ಯಾರೂ ಮನೆಯ ವ್ಯವಹಾರ ಮಾತನಾಡರು. ಸಭೆಯಲ್ಲಿ ನನ್ನ ಮಾತಿಗೆಲ್ಲ ತಲೆದೂಗುವರು. ನಿರ್ಧಾರ ಮಾತ್ರ ಹಿಂದಿನ ಸಂಜೆಯೇ, ನಾನಿಲ್ಲದೆಡೆಯಲ್ಲಿ, ಆಗಿಹೋಗಿರುತ್ತಿತ್ತು.

ಒಂದು ಮಧ್ಯಾಹ್ನ ಬಿಸಿನೀರಿನ ಕೋಣೆಗೆ ಹೋಗಿ, ಎದುರು ಮೇಜಿನ ಸಹೋದ್ಯೋಗಿಯ ಕೈಯಿಂದ ಟ್ರೇ ತೆಗೆದುಕೊಳ್ಳಹೋದೆ. ಹನ್ನೊಂದು ವರ್ಷ ಅಲ್ಲಿ ದುಡಿದಿದ್ದ ಆಕೆ ಲೆಕ್ಕಪತ್ರಗಳಲ್ಲಿ ಮುಖ್ಯಸ್ಥರಿಗಿಂತಲೂ ಚುರುಕು. ಹಿಡಿತ ಸಡಿಲಿಸಲಿಲ್ಲ. ಬಾಗಿಲ ಕಡೆಗೊಮ್ಮೆ ನೋಡಿ, ದನಿ ತಗ್ಗಿಸಿ, "ಬೇಡ, ಬಿಟ್ಟುಬಿಡಿ. ನೀವೂ ಹಂಚತೊಡಗಿದರೆ ಇದು ಹೆಂಗಸರ ಕೆಲಸವೇ ಸರಿ ಎಂದು ಇವರಿಗೆ ಖಚಿತವಾಗಿಬಿಡುತ್ತದೆ. ಒಬ್ಬ ಹೆಂಗಸು ಕುಳಿತು ಚಹಾ ಕುಡಿಯುವುದನ್ನು ಇವರು ದಿನವೂ ನೋಡಲಿ" ಎಂದಳು.

ಹಿಂದಿರುಗಿ ಬಂದು ಕುಳಿತೆ. ಮುಖ್ಯಸ್ಥರ ಬಟ್ಟಲು ಮೊದಲು ಹೋಯಿತು. ಆಮೇಲೆ ಸಾಲಿನುದ್ದಕ್ಕೂ ಒಂದೊಂದಾಗಿ. ನನ್ನದನ್ನು ಇಡುವಾಗ ಆಕೆ, ಎಂದಿನಂತೆ, ನನ್ನ ಮುಖ ನೋಡಲಿಲ್ಲ.